ನಗಿಸಿದ ಹುಡುಗನ ದುಡಿಮೆ ಯಾರ ಪಾಲು?

ಹತ್ತು ವರ್ಷದ ಹುಡುಗ. ನೋಡುವವರ ಕಣ್ಣಿಗೆ ಆರೇಳು ವರ್ಷದ ಪೋರ. ಉಬ್ಬಿದ ಕೆನ್ನೆ, ಅರಳುಗಣ್ಣು. ಯಾವ ಮಾತನ್ನು ಎಲ್ಲಿ ತಡೆಹಿಡಿದು ಎಲ್ಲಿ ಬಿಟ್ಟರೆ ಜನ ನಗುತ್ತಾರೆ ಎಂಬುದನ್ನು ಯಾರೂ ಹೇಳಿಕೊಡದೆಯೇ ಬಲ್ಲವನು. 1978ರ ನವೆಂಬರ್ 3ರಂದು ಅಮೆರಿಕದ ಎನ್‌ಬಿಸಿ ಟೆಲಿವಿಷನ್ ಸಂಸ್ಥೆ 'ಡಿಫರೆಂಟ್ ಸ್ಟ್ರೋಕ್ಸ್' ಎಂಬ ಹೊಸ ಹಾಸ್ಯ ಧಾರಾವಾಹಿಯನ್ನು ಆರಂಭಿಸಿದಾಗ, ಕೆಲವೇ ವಾರಗಳಲ್ಲಿ ಈ ಹುಡುಗ ಅಲ್ಲಿನ ಮನೆಮನೆಯ ಮಾತಾದ. ಅವನ ಹೆಸರು ಗ್ಯಾರಿ ಕೋಲ್ಮನ್.

ಸುಮಾರು ಇಪ್ಪತ್ತು ವರ್ಷಗಳ ನಂತರ, 1998ರಲ್ಲಿ, ಅದೇ ಗ್ಯಾರಿ ಕ್ಯಾಲಿಫೋರ್ನಿಯದಲ್ಲಿ ಸೆಕ್ಯುರಿಟಿ ಗಾರ್ಡ್ ಕೆಲಸ ಮಾಡುತ್ತಿದ್ದ. ಮರುವರ್ಷ ನ್ಯಾಯಾಲಯಕ್ಕೆ ಹೋಗಿ, ತನ್ನ ಸಾಲ ತೀರಿಸುವ ಶಕ್ತಿ ತನಗಿಲ್ಲವೆಂದು ದಿವಾಳಿ ಅರ್ಜಿ ಸಲ್ಲಿಸಿದ. ಒಂದು ಕಾಲದಲ್ಲಿ ಅವನ ಸಂಭಾವನೆ ಒಂದು ಕಂತಿಗೆ, ಅಂದರೆ ಅರ್ಧ ಗಂಟೆಯ ಕಾರ್ಯಕ್ರಮಕ್ಕೆ, ಒಂದು ಲಕ್ಷ ಡಾಲರ್ ಮುಟ್ಟಿತ್ತು ಎಂಬುದನ್ನು ನೆನೆದರೆ ಈ ಸುದ್ದಿ ಓದಿದವರು ಹುಬ್ಬೇರಿಸಿದ್ದು ಸಹಜ.

ಸಿರಿ ಬಂದಿತು, ಹೋಯಿತು. ಇದರಲ್ಲಿ ಹೊಸತೇನಿದೆ ಎಂದು ನೀವು ಕೇಳಬಹುದು. ನಮಗಿಲ್ಲಿ ಮುಖ್ಯವಾದ ಪ್ರಶ್ನೆ ಬೇರೆ. ಮಗು ದುಡಿದ ಹಣ ಯಾರದು? ದುಡಿಯುವ ಆ ವರ್ಷಗಳಲ್ಲಿ ಅದು ಕಳೆದುಕೊಂಡ ಬಾಲ್ಯ ಯಾರ ಲೆಕ್ಕಕ್ಕೆ ಸೇರಬೇಕು? ಈ ಪ್ರಶ್ನೆಗಳನ್ನು ಗ್ಯಾರಿಯ ಬದುಕು ಕೇಳಿದಷ್ಟು ನೇರವಾಗಿ ಕೇಳಿದ ಬದುಕುಗಳು ಕಡಿಮೆ. ಹಾಗಾಗಿ ಈ ವಾರ ತಂದೆತಾಯಂದಿರೂ ಮಕ್ಕಳೂ ಒಟ್ಟಿಗೆ ಕುಳಿತು ಅವನ ಕತೆಯನ್ನು ಓದಲಿ ಎಂಬುದು ನನ್ನ ಆಸೆ.

ಬೆಳೆಯದ ದೇಹ, ಬೆಳೆದ ಹೆಸರು

ಗ್ಯಾರಿ ಹುಟ್ಟಿದ್ದು 1968ರ ಫೆಬ್ರವರಿ 8ರಂದು, ಇಲಿನಾಯ್ ರಾಜ್ಯದ ಜಯನ್ ಎಂಬ ಊರಿನಲ್ಲಿ. ಷಿಕಾಗೋ ಮಹಾನಗರದ ಉತ್ತರಕ್ಕಿರುವ ಸಣ್ಣ ಪಟ್ಟಣ ಅದು. ಹಸುಗೂಸಾಗಿದ್ದಾಗಲೇ ಒಂದು ದಂಪತಿ ಅವನನ್ನು ದತ್ತು ತೆಗೆದುಕೊಂಡರು. ತಂದೆ ಫೋರ್ಕ್‌ಲಿಫ್ಟ್ ಯಂತ್ರ ನಡೆಸುವ ಕಾರ್ಮಿಕ, ತಾಯಿ ನರ್ಸ್. ಮಗುವಿಗೆ ಹುಟ್ಟಿನಿಂದಲೇ ಮೂತ್ರಪಿಂಡದ ಕಾಯಿಲೆ. ಐದನೆಯ ವಯಸ್ಸಿಗೆ, 1973ರಲ್ಲಿ, ಮೊದಲ ಕಿಡ್ನಿ ಕಸಿ ನಡೆಯಿತು. 1984ರಲ್ಲಿ ಎರಡನೆಯದು. ಎರಡೂ ಕೊನೆಯವರೆಗೆ ಕೈಹಿಡಿಯಲಿಲ್ಲ. ಕಾಯಿಲೆ ಮತ್ತು ಅದರ ಔಷಧಗಳ ಪರಿಣಾಮವಾಗಿ ಅವನ ಬೆಳವಣಿಗೆ 4 ಅಡಿ 8 ಅಂಗುಲಕ್ಕೆ ನಿಂತಿತು. ರಕ್ತವನ್ನು ಶುದ್ಧಿಗೊಳಿಸುವ ಡಯಾಲಿಸಿಸ್ ಚಿಕಿತ್ಸೆ ಅವನ ಬದುಕಿನ ಒಂದು ಭಾಗವೇ ಆಗಿಹೋಯಿತು.

ಈ ನೋವಿನ ನಡುವೆಯೂ ಹುಡುಗ ಚೂಟಿ. ಷಿಕಾಗೋದಲ್ಲಿ ಬ್ಯಾಂಕೊಂದರ ಜಾಹೀರಾತಿನಲ್ಲಿ ಕಾಣಿಸಿಕೊಂಡ. ಆಗಿನ ಪ್ರಸಿದ್ಧ ಟಿ.ವಿ. ನಿರ್ಮಾಪಕ ನಾರ್ಮನ್ ಲಿಯರ್ ಅವರ ತಂಡದ ಕಣ್ಣಿಗೆ ಬಿದ್ದ. ಹೀಗೆ 'ಡಿಫರೆಂಟ್ ಸ್ಟ್ರೋಕ್ಸ್' ಅವನ ಪಾಲಿಗೆ ಬಂತು.

ಅದರ ಕತೆ ಸರಳ. ಡ್ರಮಂಡ್ ಎಂಬ ನ್ಯೂಯಾರ್ಕಿನ ಬಿಳಿಯ ಶ್ರೀಮಂತ ವಿಧುರ. ಅವನ ಮನೆಕೆಲಸದಾಕೆ ತೀರಿಕೊಂಡಾಗ, ಕೊಟ್ಟ ಮಾತಿನಂತೆ ಆಕೆಯ ಇಬ್ಬರು ಕಪ್ಪು ವರ್ಣದ ಗಂಡುಮಕ್ಕಳನ್ನು ತನ್ನ ಮನೆಗೆ ಕರೆತಂದು ಸಾಕುತ್ತಾನೆ. ಅವರಲ್ಲಿ ಕಿರಿಯವನಾದ ಆರ್ನಲ್ಡ್‌ನ ಪಾತ್ರ ಗ್ಯಾರಿಯದು. ಅಣ್ಣ ವಿಲ್ಲಿಸ್ ಏನಾದರೂ ಹೇಳಿದಾಗ ತುಟಿ ಮುಂದೆ ಮಾಡಿ, ಕಣ್ಣು ಕಿರಿದುಗೊಳಿಸಿ, 'ನೀನೇನು ಮಾತಾಡ್ತಿದೀಯೋ' ಎನ್ನುವ ಅರ್ಥದ ಒಂದು ಮಾತನ್ನು ಅವನು ಆಡುತ್ತಿದ್ದ. ಅಷ್ಟಕ್ಕೇ ಸ್ಟುಡಿಯೋದಲ್ಲಿ ಕುಳಿತವರು ಚಪ್ಪಾಳೆ ತಟ್ಟುತ್ತಿದ್ದರು. ಆ ಒಂದು ಮಾತು ಸಾಯುವವರೆಗೂ ಅವನ ಬೆನ್ನು ಬಿಡಲಿಲ್ಲ.

ಈ ಬಗೆಯ ಹಾಸ್ಯ ಧಾರಾವಾಹಿಯನ್ನು ಅಲ್ಲಿ ಸಿಟ್‌ಕಾಂ ಎನ್ನುತ್ತಾರೆ. ಪ್ರತಿ ವಾರವೂ ಅದೇ ಮನೆ, ಅದೇ ಕುಟುಂಬ. ಹೊಸ ಫಜೀತಿ ಮಾತ್ರ ಬೇರೆ. ವಾರವಿಡೀ ತಾಲೀಮು ನಡೆಸಿ, ಕೊನೆಗೆ ಪ್ರೇಕ್ಷಕರನ್ನು ಕೂರಿಸಿಕೊಂಡು ಹಲವು ಕ್ಯಾಮೆರಾಗಳಲ್ಲಿ ಚಿತ್ರೀಕರಿಸುವುದು ರೂಢಿ. ಕ್ಯಾಲಿಫೋರ್ನಿಯದ ನಿಯಮದಂತೆ ಶಾಲಾ ವಯಸ್ಸಿನ ನಟರಿಗೆ ಸೆಟ್‌ನಲ್ಲೇ ದಿನಕ್ಕೆ ಮೂರು ಗಂಟೆ ಪಾಠ ಆಗಬೇಕು. ಪಾಠವೇನೋ ಆಗುತ್ತದೆ, ಆದರೆ ಶಾಲೆಯ ಮೈದಾನ, ಜಗಳ, ರಾಜಿ, ಪಕ್ಕದ ಬೆಂಚಿನ ಗೆಳೆಯ ಇವನ್ನೆಲ್ಲ ಯಾವ ನಿಯಮವೂ ಸೆಟ್‌ಗೆ ತಂದುಕೊಡಲಾರದು.

ಧಾರಾವಾಹಿ ಎಂಟು ಸರಣಿಗಳಷ್ಟು ದೀರ್ಘಕಾಲ ನಡೆಯಿತು. ಅಮೆರಿಕದ ಅಧ್ಯಕ್ಷರ ಪತ್ನಿ ನ್ಯಾನ್ಸಿ ರೇಗನ್ 1983ರಲ್ಲಿ ಮಾದಕ ವಸ್ತುಗಳ ವಿರುದ್ಧ ಮಕ್ಕಳಿಗೆ ತಿಳಿಹೇಳಲು ಆರಿಸಿಕೊಂಡದ್ದು ಇದೇ ಧಾರಾವಾಹಿಯ ಒಂದು ಕಂತನ್ನು. ಈ ನಡುವೆ ಗ್ಯಾರಿಗೆ ಚಲನಚಿತ್ರಗಳೂ ಬಂದವು. 1981ರ 'ಆನ್ ದಿ ರೈಟ್ ಟ್ರ್ಯಾಕ್' ಚಿತ್ರದಲ್ಲಿ ಅವನದು ರೈಲ್ವೆ ನಿಲ್ದಾಣದಲ್ಲಿ ಬೂಟ್ ಪಾಲಿಶ್ ಮಾಡುತ್ತ ಅಲ್ಲಿನ ಲಾಕರಿನಲ್ಲೇ ವಾಸಿಸುವ ಹುಡುಗನ ಪಾತ್ರ. ಅವನ ಹೆಸರಿನಲ್ಲೇ ಒಂದು ಕಾರ್ಟೂನ್ ಸರಣಿಯೂ 1982ರಲ್ಲಿ ಬಂತು.

1986ರ ಮಾರ್ಚ್ 7ರಂದು ಕೊನೆಯ ಕಂತು ಪ್ರಸಾರವಾಯಿತು. ಗ್ಯಾರಿಗೆ ಹದಿನೆಂಟು ತುಂಬಿ ಒಂದು ತಿಂಗಳೂ ಆಗಿರಲಿಲ್ಲ. ಬೇರೆ ಹುಡುಗರು ಬದುಕು ಶುರುಮಾಡುವ ವಯಸ್ಸಿನಲ್ಲಿ ಅವನ ಬದುಕಿನ ದೊಡ್ಡ ಕೆಲಸ ಮುಗಿದುಹೋಗಿತ್ತು. ದೇಹ ಪುಟ್ಟದು, ಮುಖ ಮಗುವಿನದು, ಮನಸ್ಸು ಯುವಕನದು. ಅವನನ್ನು ದೊಡ್ಡವನ ಪಾತ್ರದಲ್ಲಿ ನೋಡಲು ಯಾರೂ ಸಿದ್ಧರಿರಲಿಲ್ಲ. ಬೀದಿಯಲ್ಲಿ ಕಂಡವರಿಗೆಲ್ಲ ಬೇಕಾಗಿದ್ದದ್ದು ಆರ್ನಲ್ಡ್. ಅವನ ಬಾಯಿಂದ ಹೊರಡಬೇಕಾಗಿದ್ದದ್ದು ಅದೇ ಹಳೆಯ ಮಾತು.

ಲೆಕ್ಕ ಕೇಳಿದ ಮಗ

ದುಡಿಮೆಯ ವರ್ಷಗಳಲ್ಲಿ ಅವನ ವ್ಯವಹಾರ ನೋಡಿಕೊಂಡವರು ತಂದೆತಾಯಿ ಮತ್ತು ಒಬ್ಬ ವ್ಯವಹಾರ ಸಲಹೆಗಾರರು. ಆ ಕಾಲದ ಅವನ ಒಟ್ಟು ಗಳಿಕೆ ಸುಮಾರು 1 ಕೋಟಿ 80 ಲಕ್ಷ ಡಾಲರ್ ಎಂಬ ಅಂದಾಜಿದೆ. ತೆರಿಗೆ, ಏಜೆಂಟರ ಪಾಲು, ವಕೀಲರ ಶುಲ್ಕ, ವ್ಯವಸ್ಥಾಪಕರ ಸಂಬಳ, ಮನೆ ಖರ್ಚು, ಎಲ್ಲವೂ ಅದರಿಂದಲೇ ಹೋಗಬೇಕು. ಪ್ರಾಪ್ತ ವಯಸ್ಕನಾದ ಮೇಲೆ ತನ್ನ ಹೆಸರಿನಲ್ಲಿ ಉಳಿದದ್ದೆಷ್ಟು ಎಂದು ನೋಡಿದ ಗ್ಯಾರಿಗೆ ಲೆಕ್ಕ ಸರಿಯಾಗಿ ಕಾಣಲಿಲ್ಲ. 1989ರಲ್ಲಿ, ತನ್ನ 38 ಲಕ್ಷ ಡಾಲರಿನ ಟ್ರಸ್ಟ್ ನಿಧಿಯನ್ನು ದುರುಪಯೋಗ ಮಾಡಿದ್ದಾರೆಂದು ಹೆತ್ತವರ ಸ್ಥಾನದಲ್ಲಿದ್ದ ಆ ತಂದೆತಾಯಿಯ ಮೇಲೂ ಸಲಹೆಗಾರರ ಮೇಲೂ ಮೊಕದ್ದಮೆ ಹೂಡಿದ. ಅವರು ಆರೋಪವನ್ನು ಅಲ್ಲಗಳೆದರು. ನಾಲ್ಕು ವರ್ಷಗಳ ನಂತರ, 1993ರಲ್ಲಿ, ಗ್ಯಾರಿಗೆ 12 ಲಕ್ಷ 80 ಸಾವಿರ ಡಾಲರ್ ಸಲ್ಲಬೇಕೆಂದು ನ್ಯಾಯಾಲಯ ತೀರ್ಪಿತ್ತಿತು.

ತೀರ್ಪು ಗ್ಯಾರಿಯ ಪರವಾಗಿತ್ತು ನಿಜ. ಆದರೆ ಯೋಚಿಸಿ: ಐದು ವರ್ಷದ ಕೂಸಾಗಿದ್ದಾಗ ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿದ್ದವರನ್ನೇ ಕಟಕಟೆಯ ಆಚೆ ಬದಿಯಲ್ಲಿ ನೋಡಬೇಕಾಗಿ ಬಂದ ಮಗನಿಗೆ ಗೆಲುವು ಎಂಬ ಮಾತಿಗೆ ಏನು ಅರ್ಥ?

ಆ ಹಣವೂ ಬಹಳ ಕಾಲ ಬಾಳಲಿಲ್ಲ. 'ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು' ಎಂಬ ಗಾದೆ ನಮ್ಮಲ್ಲಿದೆ. ಗ್ಯಾರಿ ಕೂತು ಉಣ್ಣುವ ಸ್ವಭಾವದವನಾಗಿರಲಿಲ್ಲ. ಆದರೆ ನಟನೆ ಬಿಟ್ಟರೆ ಹೊಟ್ಟೆಪಾಡಿಗೆ ಬೇಕಾದ ಬೇರೊಂದು ವಿದ್ಯೆ ಅವನ ಕೈಯಲ್ಲಿರಲಿಲ್ಲ. ಆಟಿಕೆ ರೈಲುಗಳೆಂದರೆ ಅವನಿಗೆ ಬಾಲ್ಯದಿಂದಲೂ ಪ್ರಾಣ. ಅಂಥ ರೈಲುಗಳನ್ನು ಮಾರುವ ಹವ್ಯಾಸದ ಅಂಗಡಿಗಳಲ್ಲಿ ಆಗಾಗ ಕೆಲಸ ಮಾಡಿದ. ಪುಟ್ಟ ಹಳಿಗಳ ಮೇಲೆ ಪುಟ್ಟ ಎಂಜಿನ್ ಓಡಿಸುವಾಗ ಅವನ ಎತ್ತರ, ಅವನ ಹಳೆಯ ಹೆಸರು ಯಾವುದೂ ಅಡ್ಡಬರುತ್ತಿರಲಿಲ್ಲವೇನೋ.

1999ರಲ್ಲಿ ದಿವಾಳಿಯಾದಾಗ ಇದಕ್ಕೆಲ್ಲ ಯಾರು ಹೊಣೆ ಎಂಬ ಪ್ರಶ್ನೆ ಬಂತು. ಗ್ಯಾರಿ ಒಂದು ಉದ್ದನೆಯ ಪಟ್ಟಿಯನ್ನೇ ಹೇಳಿದ. ಅದರಲ್ಲಿ ಲೆಕ್ಕಿಗರಿದ್ದರು, ಸಾಕಿದ ತಂದೆತಾಯಿ ಇದ್ದರು, ಏಜೆಂಟರು, ವಕೀಲರು ಇದ್ದರು. ಆದರೆ ಪಟ್ಟಿಯ ಮೊದಲ ಹೆಸರೂ ಕೊನೆಯ ಹೆಸರೂ ಅವನದೇ. ಅವನ ದುಡುಕು ಸ್ವಭಾವ, ಕೋಪ, ಅಭಿಮಾನಿಯೊಬ್ಬರೊಡನೆ ನಡೆದ ಜಟಾಪಟಿ, ಅದಕ್ಕಾಗಿ ನ್ಯಾಯಾಲಯ ಹತ್ತಿದ್ದು ಎಲ್ಲವೂ ಪತ್ರಿಕೆಗಳಲ್ಲಿ ಬಂದಿವೆ. ಆದರೂ ಸೋತ ಹೊತ್ತಿನಲ್ಲಿ ತನ್ನ ಹೆಸರನ್ನೇ ಮೊದಲು ಹೇಳಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ?

2003ರಲ್ಲಿ ಕ್ಯಾಲಿಫೋರ್ನಿಯದ ಗವರ್ನರ್ ಸ್ಥಾನಕ್ಕೆ ವಿಶೇಷ ಚುನಾವಣೆ ನಡೆದಾಗ ವಾರಪತ್ರಿಕೆಯೊಂದು ಕುಚೋದ್ಯಕ್ಕೆಂದು ಗ್ಯಾರಿಯನ್ನು ಕಣಕ್ಕಿಳಿಸಿತು. 135 ಅಭ್ಯರ್ಥಿಗಳಲ್ಲಿ ಅವನು ಎಂಟನೆಯವನಾಗಿ ಬಂದ. 14,242 ಮತಗಳು ಬಿದ್ದವು. ಗೆದ್ದವರು ಇನ್ನೊಬ್ಬ ನಟ, ಆರ್ನಲ್ಡ್ ಶ್ವಾರ್ಜ್‌ನೆಗರ್. ಜನ ಮತ್ತೊಮ್ಮೆ ಅವನನ್ನು ನೋಡಿ ನಕ್ಕರು.

ಹಳೆಯ ಗಾಯ, ಹಳೆಯ ಕಾನೂನು

ಇದು ಒಬ್ಬ ಗ್ಯಾರಿಯ ಕತೆಯೆಂದು ತಳ್ಳಿಹಾಕುವಂತಿಲ್ಲ. ಚಾರ್ಲಿ ಚಾಪ್ಲಿನ್ ಅವರ 1921ರ 'ದಿ ಕಿಡ್' ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಅದರಲ್ಲಿ ಚಾಪ್ಲಿನ್ ಜೊತೆ ಕಿಟಕಿ ಗಾಜು ಒಡೆಯುತ್ತ ಓಡುವ ಹರಕು ಬಟ್ಟೆಯ ಹುಡುಗ ಜಾಕಿ ಕೂಗನ್. ಬಾಲ್ಯದಲ್ಲಿ ಹತ್ತಾರು ಲಕ್ಷ ಡಾಲರ್ ದುಡಿದ ಆತ ದೊಡ್ಡವನಾದ ಮೇಲೆ ಕೈಗೆ ಸಿಗಬೇಕಾದ ಹಣ ಸಿಗದೆ, 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ಮೊಕದ್ದಮೆ ಹೂಡಬೇಕಾಯಿತು. ಕೊನೆಗೆ ದಕ್ಕಿದ್ದು ಸುಮಾರು 1 ಲಕ್ಷ 26 ಸಾವಿರ ಡಾಲರ್. ಅಂದಿನ ಕಾನೂನಿನ ಪ್ರಕಾರ ಅಪ್ರಾಪ್ತ ಮಗುವಿನ ದುಡಿಮೆ ತಂದೆತಾಯಿಯದೇ ಆಗಿತ್ತು!

ಜನರ ಆಕ್ರೋಶದಿಂದಾಗಿ ಕ್ಯಾಲಿಫೋರ್ನಿಯ 1939ರಲ್ಲಿ ಬಾಲನಟರಿಗಾಗಿ ಒಂದು ಕಾನೂನು ತಂದಿತು. ಅದನ್ನು ಇಂದಿಗೂ 'ಕೂಗನ್ ಕಾನೂನು' ಎಂದೇ ಕರೆಯುತ್ತಾರೆ. ಆದರೆ ಅದರಲ್ಲಿ ತೂತುಗಳಿದ್ದವು. ನ್ಯಾಯಾಲಯದ ಒಪ್ಪಿಗೆ ಪಡೆದ ಕರಾರುಗಳಿಗೆ ಮಾತ್ರ ಅದು ಅನ್ವಯಿಸುತ್ತಿತ್ತು. ಆ ತೂತು ಮುಚ್ಚಲು ಅರವತ್ತು ವರ್ಷ ಬೇಕಾಯಿತು. 2000ದ ಜನವರಿ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಬಾಲನಟನ ಸಂಪಾದನೆ ಆ ಮಗುವಿನ ಸ್ವಂತ ಆಸ್ತಿ. ಅದರಲ್ಲಿ ಕನಿಷ್ಠ ಶೇಕಡ 15ರಷ್ಟನ್ನು ಟ್ರಸ್ಟ್ ಖಾತೆಯಲ್ಲಿ ತೆಗೆದಿಡಲೇಬೇಕು. ಗ್ಯಾರಿಯ ದಿವಾಳಿ ಅರ್ಜಿಗೆ ಆಗ ಇನ್ನೂ ಆರು ತಿಂಗಳೂ ತುಂಬಿರಲಿಲ್ಲ.

ನಮ್ಮ ದೇಶದಲ್ಲೂ ಇಂಥ ನಿಯಮವಿದೆ. ಅನೇಕ ತಂದೆತಾಯಂದಿರಿಗೆ ಅದು ಗೊತ್ತಿಲ್ಲ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾನೂನು ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸುತ್ತದೆಯಾದರೂ ಸಿನಿಮಾ, ಟಿ.ವಿ., ಜಾಹೀರಾತುಗಳ ಬಾಲಕಲಾವಿದರಿಗೆ ಷರತ್ತಿನ ವಿನಾಯಿತಿ ನೀಡಿದೆ. 2017ರ ನಿಯಮಗಳು ಆ ಷರತ್ತುಗಳನ್ನು ವಿವರಿಸುತ್ತವೆ. ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಕೂಡದು. ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ. ಸತತ 27 ದಿನಗಳಿಗಿಂತ ಹೆಚ್ಚು ದುಡಿಸುವಂತಿಲ್ಲ. ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಗಳಿಕೆಯ ಕನಿಷ್ಠ ಶೇಕಡ 20 ಭಾಗ ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದು: ಮಗುವಿನ ಇಚ್ಛೆಗೆ ವಿರುದ್ಧವಾಗಿ ಅದನ್ನು ತೊಡಗಿಸುವಂತೆಯೇ ಇಲ್ಲ. ನಮ್ಮ ಕನ್ನಡ ವಾಹಿನಿಗಳಲ್ಲಿ ಹಾಡುವ, ಕುಣಿಯುವ, ನಗಿಸುವ ಪುಟಾಣಿಗಳಿಗೂ ಈ ನಿಯಮ ಅನ್ವಯಿಸುತ್ತದೆ.

ಈಗಂತೂ ವಾಹಿನಿಯ ಬಾಗಿಲು ತಟ್ಟಬೇಕೆಂದೇನೂ ಇಲ್ಲ. ಅಮ್ಮನ ಕೈಯಲ್ಲಿ ಮೊಬೈಲು ಇದ್ದರೆ ಅಡುಗೆಮನೆಯೇ ಸ್ಟುಡಿಯೋ. ಗ್ಯಾರಿ ಹುಟ್ಟಿದ ಇಲಿನಾಯ್ ರಾಜ್ಯವೇ ಇದನ್ನು ಮೊದಲು ಗಮನಿಸಿದ್ದು ಒಂದು ಕಾಕತಾಳೀಯ. ಮನೆಯವರ ವಿಡಿಯೋಗಳಲ್ಲಿ ಕಾಣಿಸಿಕೊಳ್ಳುವ ಮಕ್ಕಳಿಗೂ ಆ ಗಳಿಕೆಯಲ್ಲಿ ಪಾಲು ತೆಗೆದಿಡಬೇಕೆಂಬ ಅಲ್ಲಿನ ಕಾನೂನು 2024ರ ಜುಲೈ 1ರಂದು ಜಾರಿಗೆ ಬಂತು. ಅಮೆರಿಕದ ರಾಜ್ಯಗಳಲ್ಲಿ ಅದೇ ಮೊದಲನೆಯದು.

ಒಬ್ಬ ತಂದೆ ಆಡಿದ ಮಾತು

ಹಾಗಾದರೆ ನಟಿಸುವ ಮಕ್ಕಳೆಲ್ಲ ಹಾಳಾಗುತ್ತಾರೆಯೇ? ಖಂಡಿತ ಇಲ್ಲ. ರಾನ್ ಹೋವರ್ಡ್ ಅವರನ್ನು ನೋಡಿ. 1960ರಲ್ಲಿ, ಆರನೆಯ ವಯಸ್ಸಿಗೆ, 'ದಿ ಆಂಡಿ ಗ್ರಿಫಿತ್ ಷೋ' ಎಂಬ ಸಿಟ್‌ಕಾಂನಲ್ಲಿ ನಾಯಕನ ಮಗನಾಗಿ ಅವರು ನಟಿಸತೊಡಗಿದರು. ಅವರ ತಂದೆ ರಾನ್ಸ್ ಹೋವರ್ಡ್ ಸ್ವತಃ ನಟ. ಸೆಟ್‌ನಲ್ಲಿ ಮಗನ ಜೊತೆಗೇ ಇರುತ್ತಿದ್ದರು. ಹಾಸ್ಯ ಧಾರಾವಾಹಿಗಳ ಸಿದ್ಧಸೂತ್ರವೆಂದರೆ ಅಧಿಕಪ್ರಸಂಗಿ ಮಗು ಅಪ್ಪನನ್ನು ಪೆದ್ದನನ್ನಾಗಿ ಮಾಡುವುದು. ರಾನ್ಸ್ ಅವರು ಆಂಡಿ ಗ್ರಿಫಿತ್ ಅವರ ಬಳಿ ಹೋಗಿ, ಈ ಮಗು ತನ್ನ ಅಪ್ಪನನ್ನು ನಿಜವಾಗಿ ಗೌರವಿಸುವಂತೆ ಪಾತ್ರವನ್ನು ಬರೆದರೆ ಹೇಗೆ ಎಂದು ಸೂಚಿಸಿದರು. ಗ್ರಿಫಿತ್ ಒಪ್ಪಿದರು. ರಾನ್ ಹೋವರ್ಡ್ ಊರಿನ ಸಾರ್ವಜನಿಕ ಶಾಲೆಯಲ್ಲೇ ಹೈಸ್ಕೂಲು ಮುಗಿಸಿದರು, ಕ್ಯಾಮೆರಾದ ಹಿಂದಿನ ಕೆಲಸ ಕಲಿತರು. ಗಣಿತಜ್ಞ ಜಾನ್ ನ್ಯಾಶ್ ಅವರ ಬದುಕನ್ನು ಆಧರಿಸಿದ 'ಎ ಬ್ಯೂಟಿಫುಲ್ ಮೈಂಡ್' ಚಿತ್ರಕ್ಕಾಗಿ 2002ರಲ್ಲಿ ಶ್ರೇಷ್ಠ ನಿರ್ದೇಶಕ ಆಸ್ಕರ್ ಪಡೆದರು.

ಹೋಲಿಕೆ ಪೂರ್ತಿ ನ್ಯಾಯವಲ್ಲ, ಒಪ್ಪುತ್ತೇನೆ. ರಾನ್‌ಗೆ ಗ್ಯಾರಿಯ ಕಾಯಿಲೆ ಇರಲಿಲ್ಲ. ಅವನಂತೆ ಒಂದು ಮೊಳ ಎತ್ತರದಲ್ಲೇ ಲೋಕ ಅವರನ್ನು ನಿಲ್ಲಿಸಿಬಿಡಲಿಲ್ಲ. ಗ್ಯಾರಿಯ ಧಾರಾವಾಹಿಯಲ್ಲಿ ಅಕ್ಕನಾಗಿದ್ದ ಡೇನಾ ಪ್ಲೇಟೋ 1999ರಲ್ಲಿ, 34ನೆಯ ವಯಸ್ಸಿಗೆ, ಔಷಧಗಳ ಅತಿ ಸೇವನೆಯಿಂದ ತೀರಿಕೊಂಡಳು. ಅಣ್ಣನಾಗಿದ್ದ ಟಾಡ್ ಬ್ರಿಜಸ್ ಮಾದಕ ವ್ಯಸನಕ್ಕೆ ಬಿದ್ದು, ಬಹಳ ಕಷ್ಟಪಟ್ಟು ಮೇಲೆದ್ದು ಬಂದ. ಇವರೆಲ್ಲರ ಪಾಡಿಗೆ ಒಂದೇ ಕಾರಣ ಹೇಳಲಾಗದು. ಆದರೂ ರಾನ್ಸ್ ಹೋವರ್ಡ್ ಮಾಡಿದ್ದರಲ್ಲಿ ನಮಗೆ ಕಲಿಯುವುದಿದೆ. ಮಗನ ಪಾತ್ರ ಹೇಗಿದ್ದರೆ ಹೆಚ್ಚು ದುಡ್ಡು ಬಂದೀತು ಎಂದು ಅವರು ಲೆಕ್ಕ ಹಾಕಲಿಲ್ಲ. ಆ ಪಾತ್ರ ಮಗನನ್ನು ಯಾವ ಬಗೆಯ ಮನುಷ್ಯನನ್ನಾಗಿ ಮಾಡೀತು ಎಂದು ನೋಡಿದರು.

ತಂದೆತಾಯಂದಿರೇ, ನಿಮ್ಮ ಮಗುವಿನ ಪ್ರತಿಭೆ ನಿಮ್ಮ ಕೈಗೆ ಬಂದ ಇಡುಗಂಟು. ಬೇರೆಯವರ ಇಡುಗಂಟನ್ನು ಕಾಯುವಾಗ ನಾವು ಎಷ್ಟು ಎಚ್ಚರದಿಂದಿರುತ್ತೇವೆ! ಮಗುವಿನ ಹೆಸರಿನಲ್ಲಿ ಬಂದ ಬಹುಮಾನದ ಹಣವಾಗಲಿ, ಸಂಭಾವನೆಯಾಗಲಿ, ಅದರ ಹೆಸರಿಗೇ ಬ್ಯಾಂಕಿಗೆ ಹಾಕಿ. ಪಾಸ್‌ಬುಕ್ಕನ್ನು ಮಗುವಿಗೆ ತೋರಿಸಿ, ಲೆಕ್ಕ ಓದಿ ಹೇಳಿ. ವೇದಿಕೆ ಸಾಕು ಎಂದು ಅದು ಒಂದು ದಿನ ಹೇಳಿದರೆ ಆ ಮಾತನ್ನು ಅಂದೇ ಕೇಳಿಸಿಕೊಳ್ಳಿ.

ವಿದ್ಯಾರ್ಥಿ ಮಿತ್ರರೇ, 'ಬೆಳೆಯುವ ಸಿರಿ ಮೊಳಕೆಯಲ್ಲಿ ಕಾಣು' ಎನ್ನುತ್ತಾರೆ ಹಿರಿಯರು. ಆದರೆ ಮೊಳಕೆಯನ್ನೇ ಕೊಯ್ದು ಮಾರಿದರೆ ಸಿರಿಗೆ ಉಳಿಯುವುದೇನು? ಚಪ್ಪಾಳೆ ಬಿದ್ದಾಗ ಸಂತೋಷಪಡಿ. ಜೊತೆಗೆ, ಚಪ್ಪಾಳೆ ಇಲ್ಲದ ಕಡೆ ಮಾಡಬಲ್ಲ ಒಂದು ಕೆಲಸವನ್ನೂ ಕಲಿತಿಟ್ಟುಕೊಳ್ಳಿ. ತರಗತಿಯಲ್ಲಿ ಕುಳ್ಳಗಿರುವ ಗೆಳೆಯನನ್ನೋ, ಕಾಯಿಲೆಯಿಂದ ಸೊರಗಿದ ಗೆಳತಿಯನ್ನೋ ನೋಡಿ ನಗು ಬಂದರೆ ಗ್ಯಾರಿಯನ್ನು ಒಮ್ಮೆ ನೆನೆಯಿರಿ.

2010ರ ಮೇ 28ರಂದು ಗ್ಯಾರಿ ಕೋಲ್ಮನ್ ಯೂಟಾ ರಾಜ್ಯದ ಪ್ರೋವೋ ಪಟ್ಟಣದ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದ. ಮನೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ವಯಸ್ಸು 42. ಉಳಿದ ಆಸ್ತಿ ಯಾರದು, ಅಂತ್ಯಕ್ರಿಯೆಯ ಹಕ್ಕು ಯಾರದು ಎಂಬ ವ್ಯಾಜ್ಯ ಮತ್ತೆ ನ್ಯಾಯಾಲಯದ ಮೆಟ್ಟಿಲೇರಿತು. ಆಗ ಅವನು 1999ರಲ್ಲಿ, ಅಂದರೆ ದಿವಾಳಿಯಾದ ವರ್ಷವೇ, ಬರೆಸಿಟ್ಟಿದ್ದ ಒಂದು ಉಯಿಲು ಹೊರಬಂತು. ತಾನು ಸತ್ತಾಗ ಸೇರಿ ನೆನೆಯುವವರು ತನ್ನೊಡನೆ ಯಾವುದೇ ಹಣದ ಸಂಬಂಧ ಇಲ್ಲದವರಾಗಿರಬೇಕು. ಗ್ಯಾರಿ ಎಂಬ ಮನುಷ್ಯ ನಮಗೆ ಬೇಕಾದವನಾಗಿದ್ದ ಎಂದು ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ಹೇಳಬಲ್ಲವರಾಗಿರಬೇಕು ಎಂಬುದು ಅದರಲ್ಲಿದ್ದ ಕೋರಿಕೆ.

ಕೋಟ್ಯಂತರ ಜನರನ್ನು ನಗಿಸಿದವನು ಕೊನೆಗೆ ಕೇಳಿಕೊಂಡದ್ದು ಇಷ್ಟೇ. ನಿಮ್ಮ ಮನೆಯ ಮಗು ಇಂದು ಸಂಜೆ ಶಾಲೆಯಿಂದ ಬಂದಾಗ, ಅದು ಎಷ್ಟು ಅಂಕ ತಂದಿತು, ಯಾವ ಬಹುಮಾನ ಗೆದ್ದಿತು ಎಂದು ಕೇಳುವ ಮೊದಲು ಹತ್ತಿರ ಕೂರಿಸಿಕೊಂಡು, 'ಹೊಟ್ಟೆ ಹಸಿದಿದೆಯಾ ಮಗೂ?' ಎಂದು ಕೇಳಿ. ಇಂಥ ಮಾತನ್ನು ಕೇಳುತ್ತ ಬೆಳೆದ ಮಗು ಮುಂದೊಂದು ದಿನ ಉಯಿಲಿನಲ್ಲಿ ಪ್ರೀತಿಯನ್ನು ಕೇಳಿ ಬರೆಯಬೇಕಾಗಿ ಬಾರದು.